ಹದಿನಾಲ್ಕನೇ ನಂಬರಿನ ಒಂದೇ ಮನೆ

ಮಿಂಕಾಳನ್ನು ಕೆಲಸದಿಂದ ತೆಗೆದ ಕಾಗದದಲ್ಲಿ ‘ಸರ್ಕಾರಿ ಆಸ್ತಿಯ ದುರುಪಯೋಗ’ ಎಂದು ಬರೆದಿದ್ದರು. ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಆ ಆಸ್ತಿ ಎಂದರೆ ಒಂದು ಫೋನು. ಅದನ್ನು ಅವಳು ಒಬ್ಬ ಹುಡುಗಿಗೆ ಓದಲು ಕೊಟ್ಟಿದ್ದಳು, ಅಷ್ಟೇ.

ನಾನು ಊರಿನ ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಊರಂಚಿನಲ್ಲಿ ರೋಮಾ ಜನಾಂಗದವರು ಇರುವ ಮೊಹಲ್ಲಾದ ಮಕ್ಕಳನ್ನು ಶಾಲೆಗೆ ಕರೆತರುವುದು ಮಿಂಕಾಳ ಕೆಲಸವಾಗಿತ್ತು. ಅವಳೂ ಅಲ್ಲಿಯವಳೇ. ಆರನೇ ತರಗತಿಗೇ ಬಿಡಿಸಿ ಮದುವೆ ಮಾಡಿದ್ದರು. ಮೂವತ್ತು ದಾಟಿದ ಮೇಲೆ ಸಂಜೆ ಶಾಲೆಗೆ ಹೋಗಿ ಓದು ಮುಗಿಸಿದಳು. ಬೆಳಗಾದರೆ ಮನೆಮನೆಯ ಬಾಗಿಲು ಬಡಿದು, ದಾರಿಯಲ್ಲೇ ಹುಡುಗಿಯರ ತಲೆ ಬಾಚಿ, ಬೈಯುತ್ತ ಕರೆತರುತ್ತಿದ್ದಳು.

ಕೊರೊನಾ ಬಂದು ಶಾಲೆ ಮುಚ್ಚಿತು. ಮೊಹಲ್ಲಾದ ಬಾಯಿಗೆ ಪೊಲೀಸರು ಬೇಲಿ ಹಾಕಿದರು. ಹೆಣ್ಣುಮಕ್ಕಳ ಓದು ನಿಲ್ಲಬಾರದೆಂದು ರಾಜಧಾನಿ ಸೋಫಿಯಾದಿಂದ ಟ್ಯಾಬ್ಲೆಟ್‌ಗಳು ಬಂದವು, ಮನೆಗೊಂದರಂತೆ. ಆದರೆ ಮೊಹಲ್ಲಾದ ಮನೆಗಳಿಗೆ ಹಕ್ಕುಪತ್ರವೇ ಇಲ್ಲ, ಪತ್ರವಿಲ್ಲದ ಮನೆಗೆ ನಂಬರೂ ಇಲ್ಲ. ಹಾಗಾಗಿ ಅಲ್ಲಿನವರೆಲ್ಲ ಗುರುತಿನ ಚೀಟಿಯಲ್ಲಿ ಪತ್ರವಿದ್ದ ಮುದುಕ ರಾಂಗೆಲನ ಮನೆಯ ಹದಿನಾಲ್ಕನೇ ನಂಬರನ್ನೇ ಬರೆಸಿದ್ದರು. ಅರವತ್ತೆರಡು ಜನ, ಓದುವ ಹುಡುಗಿಯರು ಹನ್ನೊಂದು. ಬಂದದ್ದು ಒಂದೇ ಟ್ಯಾಬ್ಲೆಟ್. ಅದರಲ್ಲಿ ರಾಂಗೆಲನ ಮೊಮ್ಮಗ ಆಟವಾಡಿಕೊಂಡು ಕೂತ.

ಆ ಹನ್ನೊಂದು ಹುಡುಗಿಯರಲ್ಲಿ ಫಿದಾನಾ ಒಬ್ಬಳು. ಏಳನೇ ತರಗತಿ, ಜೂನ್‌ನಲ್ಲಿ ಹೈಸ್ಕೂಲು ಸೇರಲು ದೊಡ್ಡ ಪರೀಕ್ಷೆ. ಶಾಲೆಯಿಂದ ಗೈರುಹಾಜರಿಯ ಕಾಗದ ಬಂದ ದಿನವೇ ಅವಳ ನಿಶ್ಚಿತಾರ್ಥ ಎಂದು ಅಪ್ಪ ಅಸೆನ್ ಹೇಳಿಬಿಟ್ಟಿದ್ದ. ಹದಿನೈದು ಗೈರಾದರೆ ಆ ಕಾಗದ ಹೋಗುತ್ತದೆ. ಹನ್ನೆರಡನ್ನು ನಾನೇ ಹಾಕಿದ್ದೆ, ನಿಯಮದ ಪ್ರಕಾರ.

ಮಿಂಕಾ ಶಾಲೆಯ ಕೆಲಸದ ಚೀಟಿ ತೋರಿಸಿ ಬೇಲಿ ದಾಟಿ, ನನ್ನ ಬಾಲ್ಕನಿಯ ಕೆಳಗೆ ಬಂದು ನಿಂತಳು.

“ಟೀಚರ್, ಫಿದಾನಾಗೆ ಯಾಕ್ರೀ ಗೈರು ಹಾಕ್ತೀರಾ?”

“ಅವಳು ಕ್ಲಾಸಿಗೆ ಬರ್ಲಿಲ್ಲ ಕಣೇ.”

“ಯಾವುದ್ರಲ್ಲಿ ಬರ್ಬೇಕಿತ್ತು? ಚೀಸಿನ ಬನಿಟ್ಸಾ ಬೇಯ್ಸೋ ತಟ್ಟೇಲಿ ಮುಖ ತೋರ್ಸ್ಬೇಕಿತ್ತಾ?”

ಅವಳು ಅಲ್ಲಿಂದ ನೇರ ನಗರಸಭೆಗೆ ಹೋದಳು. ನಾಚಿಕೆಯಿಂದ ನಾನೂ ಹಿಂದೆ ಹೋದೆ. ಗಾಜಿನ ಹಿಂದಿದ್ದ ಅಧಿಕಾರಿ ತಲೆ ಎತ್ತಲಿಲ್ಲ.

“ಕಾಗದದಲ್ಲಿ ಅದು ಒಂದೇ ಮನೆಯಮ್ಮಾ. ನಾನೇನ್ ಮಾಡ್ಲಿ?”

“ಚುನಾವಣೇಲಿ ಅದೇ ಮನೆಯಿಂದ ನಲವತ್ತು ಓಟು ತಗೊಂಡ್ರಲ್ಲ ಸ್ವಾಮಿ! ಒಂದೇ ಮನೆ ಅಂತ ಒಂದೇ ಓಟು ತಗೊಂಡು ಹೋಗ್ಬೇಕಿತ್ತು!”

ಆತ ಕಿಟಕಿ ಮುಚ್ಚಿದ.

ಮರುದಿನ ಬೆಳಿಗ್ಗೆ ನನ್ನ ಪರದೆಯಲ್ಲಿ ಒಂದು ಮುಖ ಸೊಟ್ಟಗೆ ಕಾಣಿಸಿತು. “ಟೀಚರ್, ನಾನ್ ಬಂದಿದೀನಿ,” ಎಂದಳು ಫಿದಾನಾ. ಮಿಂಕಾ ಶಾಲೆ ಕೊಟ್ಟಿದ್ದ ತನ್ನ ಫೋನನ್ನೇ ಅವಳ ಕೈಗಿಟ್ಟಿದ್ದಳು. ಎರಡು ತಿಂಗಳು ಒಂದು ಕ್ಲಾಸೂ ತಪ್ಪಲಿಲ್ಲ. ಪರೀಕ್ಷೆಯಲ್ಲಿ ಗಣಿತಕ್ಕೆ ನಮ್ಮ ಶಾಲೆಗೇ ಎರಡನೆಯವಳಾದಳು, ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತು. ನಿಶ್ಚಿತಾರ್ಥದ ಮಾತಾಡಿದ್ದ ಅಸೆನ್ ಬೀದಿಗೆಲ್ಲ ಸಿಹಿ ಹಂಚಿದ.

ಆದರೆ ನಡುವೆ ಒಂದು ದಿನ ಯಾವುದೋ ಅಂಕಿಅಂಶ ಕೇಳಲು ಶಿಕ್ಷಣ ಇಲಾಖೆಯ ಮೇಲಿನ ಆಫೀಸಿನವರು ಮಿಂಕಾಗೆ ಫೋನ್ ಮಾಡಿದ್ದರು. ಎತ್ತಿದ್ದು ಫಿದಾನಾ. “ಈಗ ಗಣಿತದ ಕ್ಲಾಸು, ಆಮೇಲ್ ಮಾಡಿ,” ಅಂದಳಂತೆ. ಬೇಸಿಗೆ ರಜೆಯಲ್ಲಿ ಮಿಂಕಾಳ ಕೆಲಸ ಹೋಯಿತು.

ಶರತ್ಕಾಲದಲ್ಲಿ ಟ್ಯಾಬ್ಲೆಟ್ ಯೋಜನೆಯ ವರದಿ ಬಂತು. ‘ನಂಬರ್ ಹದಿನಾಲ್ಕು: ಮನೆ ಒಂದು, ಟ್ಯಾಬ್ಲೆಟ್ ಒಂದು, ಹೈಸ್ಕೂಲು ಸೇರಿದ ಹುಡುಗಿ ಒಬ್ಬಳು. ಗುರಿ ಪೂರ್ಣ.’ ಎಂಥ ನಾಚಿಕೆಗೆಟ್ಟ ಕಾಗದ! ಉಳಿದ ಹತ್ತು ಹುಡುಗಿಯರು ಎಣಿಕೆಗೇ ಬರಲಿಲ್ಲ. ಅವರಲ್ಲಿ ಮೂವರಿಗೆ ಆಗಲೇ ಮದುವೆಯಾಗಿತ್ತು. ಕೆಳಗೆ ಗಣಿತದ ಶಿಕ್ಷಕಿಯ ಸಹಿಗೆ ಜಾಗ ಬಿಟ್ಟಿದ್ದರು.

ಮಿಂಕಾ ಈಗ ಸಂತೆಯಲ್ಲಿ ದಪ್ಪ ಮೆಣಸಿನಕಾಯಿ ಮಾರುತ್ತಾಳೆ. ನಾನು ಚೀಲ ಹಿಡಿದು ಮುಂದೆ ನಿಂತೆ.

“ಸಹಿ ಹಾಕಿದ್ರಾ ಟೀಚರ್?”

“ಹಾಕ್ದೆ ಮಿಂಕಾ.”

ಅವಳು ಎರಡು ಕಿಲೋ ತೂಗಿ ಚೀಲಕ್ಕೆ ಸುರಿದಳು. ನನ್ನ ಮುಖ ನೋಡದೆ, “ಹಿಂದಿನೋರು ಬನ್ನಿ,” ಎಂದಳು.