ಕರಡಿಗೆಯ ಮೇಲಿನ ಪತ್ರಿ

ನನ್ನ ಗಂಡ ಇನ್ನೊಂದು ಮನೆ ಮಾಡಿದ್ದಾನೆಂದು ನನಗೆ ಗೊತ್ತಾದದ್ದು ಮೊಬೈಲಿನಲ್ಲಿ. ಮೆಣಸಿನಕಾಯಿ ವ್ಯಾಪಾರಕ್ಕೆಂದು ಕುಂದಗೋಳಕ್ಕೆ ಹೋಗಿ ವಾರಗಟ್ಟಲೆ ಅಲ್ಲೇ ಇರುತ್ತಿದ್ದವನು, ಯಾರದೋ ಸ್ಟೇಟಸ್‌ನಲ್ಲಿ ಹೊಸ ಮನೆಯ ಪೂಜೆಗೆ ಕುಳಿತಿದ್ದ. ಪಕ್ಕದಲ್ಲಿ ಒಬ್ಬಳು. ಅವನ ಮೈಮೇಲೆ ನಾನೇ ಇಸ್ತ್ರಿ ಮಾಡಿ ಕಳಿಸಿದ ಬಿಳಿ ಅಂಗಿ. ಆ ಅಂಗಿಯ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅವನ ಮೇಲಿನದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಶಿವನ ಮೇಲೆ. ನಮ್ಮಲ್ಲಿ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಮುಂಜಾನೆ ಅಂಗೈಯಲ್ಲಿಟ್ಟು ಪೂಜೆ ಮಾಡದೆ ತುತ್ತು ಮುಟ್ಟುವುದಿಲ್ಲ. ಬಾಣಂತನದಲ್ಲೂ ನಾನು ತಪ್ಪಿಸಿರಲಿಲ್ಲ. ಇಷ್ಟೆಲ್ಲ ಮಾಡಿಸಿಕೊಂಡು, ನನ್ನ ಸಂಸಾರ ಮುರಿಯುವಾಗ ಎದೆಯ ಮೇಲೆ ಸುಮ್ಮನೆ ಕುಳಿತಿದ್ದನಲ್ಲ! ಇಬ್ಬರೂ ಕೂಡಿಯೇ ನನಗೆ ಮೋಸ ಮಾಡಿದರು ಅನಿಸಿತು.

ತಂಬೂರ ಊರಿನ ಕಡೆ ಹೇಳಿಕೆ ಹೇಳುವವಳೊಬ್ಬಳಿದ್ದಾಳೆ, ಮೈಮೇಲೆ ದೇವರು ಬಂದಾಗ ಹೋದ ಗಂಡಂದಿರನ್ನು ತಿರುಗಿಸಿ ಕೊಡುತ್ತಾಳೆ ಎಂದರು ಓಣಿಯವರು. ಹೋದೆ. ಅವಳು ನನ್ನ ಕೊರಳು ನೋಡಿ, "ಒಂದ ಒರಿಯಾಗ ಎರಡ ಕತ್ತಿ ಹಿಡಸೂದಿಲ್ಲವ್ವಾ. ಅದನ್ನ ತಗದಿಟ್ಟು ನನ್ನ ದಾರಾ ಕಟ್ಕೋ. ಐದ ಅಮಾಸಿ ಬಾ," ಎಂದಳು.

ಅಂದೇ ಮನೆಗೆ ಬಂದು ಲಿಂಗದ ದಾರ ಬಿಚ್ಚಿ, ಕರಡಿಗೆಯನ್ನು ಜೋಳದ ದೊಡ್ಡ ಡಬ್ಬಿಯಲ್ಲಿ ಹುಗಿದೆ. ಅವಳ ದಾರ ಕಟ್ಟಿಕೊಂಡು ಮೇಲೆ ಸೆರಗು ಹೊದ್ದೆ. ರೊಟ್ಟಿಗೆ ಕುಳಿತಾಗ ಅತ್ತೆ ಕೇಳಿದರೆ, "ಪೂಜಾ ಆತ್ರೀ," ಎನ್ನುತ್ತಿದ್ದೆ. ಗಂಡ ಕುಂದಗೋಳದಲ್ಲಿ ಕುಳಿತು ಫೋನಿನಲ್ಲಿ "ಭಾಳ ಕೆಲಸ ಐತಿ" ಎನ್ನುತ್ತಿದ್ದನಲ್ಲ, ಥೇಟ್ ಹಾಗೆಯೇ. ಆಗ ಅದು ನನಗೆ ಹೊಳೆಯಲಿಲ್ಲ.

ಐದು ಅಮಾವಾಸ್ಯೆ ಕಳೆದವು. ಗಂಡ ಬರಲಿಲ್ಲ. ಅವಳು ಇನ್ನೂ ಐದು ಎಂದಳು. ಬಸ್‌ಸ್ಟ್ಯಾಂಡಿನಲ್ಲೇ ಆ ದಾರ ಹರಿದು ಒಗೆದೆ. ಮನೆಗೆ ಬಂದು ಜೋಳದಲ್ಲಿ ಮೊಳಕೈತನಕ ಕೈ ಹಾಕಿ ಹುಡುಕಿದರೆ ಕರಡಿಗೆ ಇಲ್ಲ. ನಾನು ಬಿಟ್ಟೆ, ಶಿವನೂ ಬಿಟ್ಟು ಹೋದ ಎಂದು ಡಬ್ಬಿಯ ಮುಂದೆಯೇ ಕುಳಿತು ಗಳಗಳನೆ ಅಳತೊಡಗಿದೆ.

ಅತ್ತೆ ಗೋಡೆಯ ದೇವರ ಮಾಡದಿಂದ ಒಂದು ಬುಟ್ಟಿ ತಂದು ಮುಂದಿಟ್ಟರು. ಬುಟ್ಟಿ ತುಂಬ ಒಣಗಿದ ಬಿಲ್ವಪತ್ರಿ, ನಡುವೆ ನನ್ನ ಕರಡಿಗೆ.

"ಜ್ವಾಳಾ ಗಿರಣಿಗೆ ಕೊಡಾಕ ತಗದಾಗ ಸಿಕ್ತು," ಎಂದರು. "ಒಬ್ಬರ ಲಿಂಗಾ ಇನ್ನೊಬ್ಬರು ಮುಟ್ಟೂ ಹಂಗಿಲ್ಲ. ಅದಕ್ಕ ಮುಚ್ಚಳಾ ತಗೀಲಿಲ್ಲ. ದಿನಾ ನನ್ನ ಪೂಜಾ ಆದಮ್ಯಾಲ ಅದರ ಮ್ಯಾಲೊಂದ ಪತ್ರಿ ಏರಿಸೇನಿ."

"ಗೊತ್ತಿದ್ದೂ ಯಾಕ ಬೈಲಿಲ್ರೀ?"

"ಹೆತ್ತ ಮಗಾನ ಮೋಸಾ ಮಾಡ್ಯಾನ. ನಿನಗ ಯಾವ ಬಾಯಿಲೆ ಬೈಲಿ? ತಗೋ, ಕಟ್ಕೋ."

ಕಟ್ಟಿಕೊಳ್ಳಲು ನನಗೆ ಮುಖವಿರಲಿಲ್ಲ. "ಒಮ್ಮೆ ಬಿಚ್ಚಿದ ಮ್ಯಾಲ ಮಠದಾಗ ಸ್ವಾಮಿಗೋಳ್ನ ಕೇಳಬೇಕಲ್ರೀ? ಅವರು ಏನಂತಾರೋ."

"ಸ್ವಾಮಿಗೋಳು ಆಮ್ಯಾಲ. ಇಂವಾ, ಈ ಶಿವಾ, ಏನರೆ ಅಂದಾನೇನ? ಮೊದಲ ಜ್ವಾಳದಾಗ, ಆಮ್ಯಾಲ ಬುಟ್ಟ್ಯಾಗ ಕುಂತು ಇಷ್ಟ ದಿನಾ ನಿನ್ನ ಹಾದಿ ಕಾಯ್ದಾನ. ಇನ್ನೂ ಕಾಯಸ್ತಿಯೇನ?"

ಕೈಕಾಲು ತೊಳೆದು ಬಂದು, ಮುಚ್ಚಳ ತೆಗೆದು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೆ. ಮೊದಲಿನ ಹಾಗೆಯೇ ತಂಪಾಗಿತ್ತು. ಅಂದು ಮಂತ್ರ ಬಾಯಿಗೆ ಬರಲಿಲ್ಲ. ಶಿವನಿಗೆ ಬೈದೆ, ಅತ್ತೆಗೂ ಕೇಳಿಸುವ ಹಾಗೆ ಜೋರಾಗಿ ಬೈದೆ, ಆಮೇಲೆ ಪತ್ರಿ ಏರಿಸಿದೆ.

ಗಂಡ ಈಗಲೂ ಕುಂದಗೋಳದಲ್ಲೇ ಇದ್ದಾನೆ. ನಾಳೆ ಬಂದು, ತಪ್ಪಾಯಿತು ಎಂದು ಬಾಗಿಲು ಬಡಿದರೆ ನಾನು ತೆರೆಯುವುದಿಲ್ಲ. ನನ್ನ ಸ್ವಭಾವ ನನಗೆ ಗೊತ್ತು. ಅದಕ್ಕೇ ದಿನವೂ ಪೂಜೆಗೆ ಕುಳಿತಾಗ ನಾಚಿಕೆಯಾಗುತ್ತದೆ. ನಾನು ತಿರುಗಿ ಬಂದಾಗ ಶಿವ ಬಾಗಿಲನ್ನೇ ಹಾಕಿರಲಿಲ್ಲ.