ಮೈಲೇಜ್ ಕೈ

ಕೊಟ್ಟೂರಿನ ನನ್ನ ಅಣ್ಣನ ಗ್ಯಾರೇಜಿಗೆ ಬರುವವರು ಗಾಡಿಯಿಂದ ಇಳಿಯುವ ಮೊದಲೇ ಒಂದು ಮಾತು ಹೇಳುತ್ತಾರೆ: ‘ಮೈಲೇಜ್ ಬರಂಗ ಮಾಡ್ರಿ.’ ಬ್ರೇಕ್ ಹಿಡಿಯದಿದ್ದರೂ ಅದೇ ಮಾತು, ಹಾರನ್ ಕೂಗದಿದ್ದರೂ ಅದೇ ಮಾತು. ಅಣ್ಣ ಎಲ್ಲ ಕೆಲಸ ಮುಗಿಸಿ, ಕೊನೆಗೆ ಕಾರ್ಬುರೇಟರಿನ ಸ್ಕ್ರೂವನ್ನು ಒಂದು ಚೂರು ತಿರುಗಿಸಿ ಇಂಜಿನ್ನಿಗೆ ಹೋಗುವ ಪೆಟ್ರೋಲ್ ಕಡಿಮೆ ಮಾಡುತ್ತಾನೆ. ಈಗಿನ ಹೊಸ ಗಾಡಿಗಳಲ್ಲಿ ಕಾರ್ಬುರೇಟರೇ ಇಲ್ಲ. ಆದರೂ ಹಳೆಯ ಗಾಡಿ ಇಟ್ಟುಕೊಂಡವರು ಕೂಡ್ಲಿಗಿ, ಹಡಗಲಿಯಿಂದ ಅವನನ್ನು ಹುಡುಕಿಕೊಂಡು ಬರುವುದು ಆ ಒಂದು ಚೂರಿಗಾಗಿ. ನಾನು ಓದಿದ್ದು, ಹಗರಿಬೊಮ್ಮನಹಳ್ಳಿಯಲ್ಲಿ ಸಂಬಳದ ಕೆಲಸ ಹಿಡಿದಿದ್ದು, ಎಲ್ಲವೂ ಆ ಕೈಯಿಂದಲೇ. ಅಂಥ ಕೈಯನ್ನು ನಾನು ಒಂದು ಚಳಿಗಾಲವಿಡೀ ಬೈದೆ.

ಕಾರಣ ನಮ್ಮ ಕಾರು. ಹರಪನಹಳ್ಳಿಯಲ್ಲಿ ಯಾರದೋ ಹಿತ್ತಲಲ್ಲಿ ಬಿದ್ದು, ಒಳಗೆ ಕೋಳಿಗಳು ಸಂಸಾರ ಹೂಡಿದ್ದ ಹಳೆಯ ಕಾರು ಅದು. ಕೋಳಿ ಓಡಿಸಿ, ಹಿಂದಿನ ಸೀಟು ಕಿತ್ತು, ಇಂಜಿನ್ನನ್ನು ಅಣ್ಣ ಹೊಸದಾಗಿ ಕಟ್ಟಿದ. ನೇರ ರನ್‌ವೇಯ ಮೇಲೆ ಕಾಲು ಮೈಲಿಯನ್ನು ಯಾರು ಬೇಗ ಮುಟ್ಟುತ್ತಾರೆ ಎಂಬ ಡ್ರ್ಯಾಗ್ ರೇಸಿಗೆ ನಾನು ಹೆಸರು ಕೊಟ್ಟಿದ್ದೆ. ಮೊಬೈಲಿನಲ್ಲಿ ನೋಡಿ ನೋಡಿ ಹಿಡಿದ ಹುಚ್ಚು. ನನ್ನನ್ನು ನೋಡಲು ಬಂದವರು ಅಡುಗೆ ಬರುತ್ತದೆಯೇ ಎಂದು ಕೇಳಿದಾಗ ಅಣ್ಣ, ‘ಗೇರ್ ಚಲೋ ಹಾಕ್ತಾಳ್ರಿ’ ಎಂದಿದ್ದ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ರೇಸಿನವರಿಂದ ಒಂದು ದೊಡ್ಡ ಕಾರ್ಬುರೇಟರ್ ತಂದೆವು. ಅದಕ್ಕೆ ಎರಡು ಬಾಯಿ, ಒಂದೊಂದರಲ್ಲೂ ಸಣ್ಣ ಚಹಾ ಗ್ಲಾಸು ಕೂರುವಷ್ಟು ಅಗಲ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಎಷ್ಟು ಪೆಟ್ರೋಲ್ ಹೋಗಬೇಕು ಎನ್ನುವುದು ಒಳಗಿನ ಜೆಟ್ಟಿನ ಲೆಕ್ಕ. ಜೆಟ್ ಅಂದರೆ ಬಟಾಣಿಯಷ್ಟು ಹಿತ್ತಾಳೆ, ನಡುವೆ ಒಂದು ತೂತು, ತೂತಿನ ಅಳತೆಗೆ ಒಂದು ನಂಬರ್. ತೂತು ಚಿಕ್ಕದಾದರೆ ಇಂಜಿನ್ ಕಾದು ಪಿಸ್ಟನ್ ಸುಡುತ್ತದೆ. ದೊಡ್ಡದಾದರೆ ಹೊಗೆ ಕಾರಿ ಮುಗ್ಗರಿಸುತ್ತದೆ. ಸರಿಯೋ ತಪ್ಪೋ ಎಂದು ಸ್ಪಾರ್ಕ್ ಪ್ಲಗ್ಗಿನ ಬಣ್ಣವೇ ಹೇಳುತ್ತದೆ. ಬಿಸ್ಕೆಟ್ಟಿನ ಬಣ್ಣ ಬಂದರೆ ಸರಿ, ಸುಣ್ಣದಂತೆ ಬೆಳ್ಳಗಾದರೆ ಇಂಜಿನ್ ಹಸಿದಿದೆ ಎಂದರ್ಥ.

ನಮ್ಮ ಪ್ಲಗ್ ಮೊದಲ ದಿನವೇ ಬೆಳ್ಳಗೆ ಬಂತು. ಅಣ್ಣ ಅದನ್ನು ಬಿಸಿಲಿಗೆ ಹಿಡಿದು, ‘ಚಲೋ ಐತಿ’ ಎಂದ. ಸಂಜೆಗೆ ಪಿಸ್ಟನ್ನಿನಲ್ಲಿ ಬೆರಳು ತೂರುವಷ್ಟು ತೂತು ಬಿತ್ತು. ಗೀರು ಬಿದ್ದ ಸಿಲಿಂಡರನ್ನು ಕೊರೆಸಿ, ದಪ್ಪ ಪಿಸ್ಟನ್ ಹಾಕಿದೆವು. ಇನ್ನು ಕೊರೆಯಲು ಜಾಗವಿರಲಿಲ್ಲ.

‘ಇನ್ನೊಂದ್ಸಲ ಸುಟ್ರ ಈ ಇಂಜಿನ್ ಗುಜರಿಗೆ’ ಎಂದ ಅಣ್ಣ.

‘ಹಂಗಾದ್ರ ದೊಡ್ಡ ಜೆಟ್ ಹಾಕು’ ಎಂದೆ.

‘ಹಾಕ್ತೀನಿ’ ಎಂದವನು ನಾನು ಕೇಳಿದ್ದಕ್ಕಿಂತ ಒಂದು ನಂಬರ್ ಚಿಕ್ಕದನ್ನೇ ಹಾಕಿದ. ಭಾನುವಾರ ಬಂದರೆ ಇದೇ ಹಣೆಬರಹ. ನಾನು ಎರಡು ನಂಬರ್ ಮೇಲಿನದು ಕೇಳಿದರೆ ಅವನು ಒಂದು ಏರಿಸುವನು. ಅದೂ ಮೈಯಿಂದ ರಕ್ತ ತೆಗೆಸಿಕೊಳ್ಳುವವನ ಮುಖ ಮಾಡಿಕೊಂಡು. ನನಗೆ ತಲೆ ಕೆಡುತ್ತಿತ್ತು. ಹೇಳಿದ ಮಾತು ಅರ್ಥವಾಗದ ದಡ್ಡನಲ್ಲ ಅವನು, ಆದರೆ ಸ್ಕ್ರೂಡ್ರೈವರನ್ನು ಯಾರ ಕೈಗೂ ಕೊಡದ ಹಟಮಾರಿ. ನಾನೂ ಅದೇ ಮನೆಯಲ್ಲಿ ಹುಟ್ಟಿದವಳು, ಬಿಡಲಿಲ್ಲ.

ನಾವು ಕಾರು ಓಡಿಸಿ ನೋಡುತ್ತಿದ್ದುದು ಹೊಸಹಳ್ಳಿ ಕಡೆಯ ಒಂದು ಹಳೆಯ ರಸ್ತೆಯಲ್ಲಿ. ಹೊಸ ರಸ್ತೆ ಬಂದ ಮೇಲೆ ಅಲ್ಲಿ ಬಸ್ಸಿಲ್ಲ, ಜನವಿಲ್ಲ. ಉಳಿದ ಡಾಂಬರು ಸುತ್ತಲಿನ ಹೊಲದವರಿಗೆ ಕಣವಾಗಿತ್ತು. ಒಂದು ಭಾನುವಾರ ಅಜ್ಜಿಯೊಬ್ಬಳು ಹುರುಳಿ ಹರವಿದ್ದಳು. ಅವಳು ಗುಡಿಸಿ ರಾಶಿ ಮಾಡುವ ತನಕ ಕಾಯಬೇಕಾಯಿತು. ನಾನೂ ಒಂದು ಕಸಬರಿಗೆ ಹಿಡಿದೆ. ಕೆಲಸ ಮುಗಿದ ಮೇಲೆ ಅಜ್ಜಿ ಬಾನೆಟ್ ತೆಗೆದ ಕಾರಿನ ಸುತ್ತ ಒಂದು ಸುತ್ತು ಹಾಕಿ ಅಣ್ಣನನ್ನು ಕೇಳಿದಳು:

‘ತಮ್ಮಾ, ಲೀಟರಿಗೆ ಎಷ್ಟು ಕೊಡ್ತೈತಿ ಇದು?’

ಅದು ಕೊಡುತ್ತಿದ್ದುದು ಎರಡು ಕಿಲೋಮೀಟರೂ ಅಲ್ಲ. ಅಣ್ಣ ನೆಲ ನೋಡಿದ. ಕಿವಿ ಕೆಂಪಾದವು.

‘ಹದಿನೈದು ಕೊಡ್ತೈತಮ್ಮ’ ಎಂದ.

ಜೀವಮಾನದಲ್ಲಿ ಗಿರಾಕಿಗೆ ಸುಳ್ಳು ಹೇಳದವನು. ಅಜ್ಜಿ ಹೋದ ಮೇಲೆ ನಾನು ನಗಲು ಹೊರಟೆ, ಅವನ ಕಿವಿ ಇನ್ನೂ ಕೆಂಪಾಗೇ ಇದ್ದವು.

‘ಅಕಿ ಮುಂದ ಎರಡು ಅಂತ ಹೆಂಗ ಹೇಳ್ಲಿ?’ ಎಂದ. ‘ಒಂದು ತೊಟ್ಟು ಉಳಿಸಾಕ ಜನ ನನ್ನ ಕಡಿ ಬರ್ತಾರ. ಇದಕ್ಕ ಕೊಡ ಬಗ್ಗಿಸಿದಂಗ ಸುರೀಬೇಕು. ಕೈ ಏಳೂದಿಲ್ಲ ತಂಗಿ.’

ಅಂದು ನನ್ನ ಸಿಟ್ಟು ಇಳಿಯಿತು, ಹಟ ಇಳಿಯಲಿಲ್ಲ. ನನಗೆ ಅವನ ಮೇಲೆ ಪ್ರೀತಿ ಉಕ್ಕಿತು, ಹೌದು. ಪ್ರೀತಿ ಉಕ್ಕಿತೆಂದು ಪಿಸ್ಟನ್ ಉಳಿಯುವುದಿಲ್ಲವಲ್ಲ. ಒಂದೊಂದೇ ನಂಬರ್ ಏರಿಸಿ ಏರಿಸಿ, ಕೊನೆಗೊಂದು ಮಧ್ಯಾಹ್ನ ಆ ರಸ್ತೆಯಲ್ಲೇ ಪ್ಲಗ್ಗಿಗೆ ಬಿಸ್ಕೆಟ್ ಬಣ್ಣ ತರಿಸಿದೆ. ಇಷ್ಟೇ ಸಾಕು, ಇನ್ನು ಜೆಟ್ ಮುಟ್ಟುವ ಹಾಗಿಲ್ಲ ಎಂದು ಅಣ್ಣ ಮುಚ್ಚಳ ಬಿಗಿದ.

ರೇಸು ಬೆಳಿಗ್ಗೆ ಇತ್ತು. ಕಾರನ್ನು ಟೆಂಪೋದಲ್ಲಿ ಹೇರಿಕೊಂಡು ರನ್‌ವೇಗೆ ಹೋಗಿ ಇಳಿದಾಗ ಹಲ್ಲು ಕಟಕಟಿಸುವಷ್ಟು ಚಳಿ. ಆಗ ನನಗೆ ಹೊಳೆಯಿತು. ನಾವು ಹದ ಮಾಡಿದ್ದು ನಮ್ಮ ಮಧ್ಯಾಹ್ನದ ಬಿಸಿಲಿಗೆ. ತಣ್ಣನೆಯ ಗಾಳಿ ದಟ್ಟ, ಅದಕ್ಕೆ ಪೆಟ್ರೋಲ್ ಹೆಚ್ಚು ಬೇಕು. ಹೀಗೇ ಓಡಿಸಿದರೆ ಪ್ಲಗ್ ಮತ್ತೆ ಬೆಳ್ಳಗಾಗುತ್ತದೆ, ಇಂಜಿನ್ ಗುಜರಿಗೆ ಹೋಗುತ್ತದೆ, ನನ್ನ ಆಸೆಯೂ ಅದರ ಜೊತೆಗೆ.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಬಾನೆಟ್ ಎತ್ತಿ ಮುಚ್ಚಳ ಬಿಚ್ಚಿದ್ದ. ಡಬ್ಬಿಯಿಂದ ದೊಡ್ಡ ಜೆಟ್ ಎರಡು ಆರಿಸಿದ. ಅಂಗೈಯಲ್ಲಿ ಇಟ್ಟುಕೊಂಡು ನಿಂತ. ನಮ್ಮ ಸಾಲು ಮುಂದೆ ಸರಿಯುತ್ತಿತ್ತು. ಅವನು ಅವನ್ನು ಡಬ್ಬಿಗೆ ಹಾಕಿ ಚಿಕ್ಕವನ್ನು ತೆಗೆದ, ಮತ್ತೆ ದೊಡ್ಡವನ್ನೇ ತೆಗೆದ. ಆಮೇಲೆ, ಈವರೆಗೆ ಯಾರಿಗೂ ಕೊಡದ ಸ್ಕ್ರೂಡ್ರೈವರನ್ನು ನನ್ನ ಮುಂದೆ ಹಿಡಿದ.

‘ನೀ ಹಾಕು. ಈ ಕೈ ನನ್ನ ಮಾತು ಕೇಳೂದಿಲ್ಲ.’

ಹಾಗೆಂದು ಬೆನ್ನು ತಿರುಗಿಸಿ ನಿಂತ. ನಾನು ದೊಡ್ಡ ಜೆಟ್ ಎರಡನ್ನೂ ಕೂರಿಸಿ, ಬಿಗಿದು, ಹೆಲ್ಮೆಟ್ ಹಾಕಿ ಸಾಲಿಗೆ ಹೋದೆ. ಹಸಿರು ದೀಪ ಹತ್ತಿತು. ಪಕ್ಕದ ಕಾರು ನನಗಿಂತ ಮೊದಲೇ ಚಿಮ್ಮಿತು, ಕೊನೆತನಕವೂ ಮುಂದೆಯೇ ಇತ್ತು. ನನಗೆ ಅದರ ಗೊಡವೆ ಇರಲಿಲ್ಲ. ಗೇರಿನಿಂದ ಗೇರಿಗೆ ಇಂಜಿನ್ ಒಂದೇ ದನಿಯಲ್ಲಿ ಕೂಗುತ್ತಾ ಹೋಯಿತು, ಎಲ್ಲೂ ತಡವರಿಸಲಿಲ್ಲ.

ಮರಳಿ ಬಂದಾಗ ಅಣ್ಣ ಪ್ಲಗ್ ಬಿಚ್ಚಿದ. ಬಿಸ್ಕೆಟ್ ಬಣ್ಣ. ಅದನ್ನು ಅಂಗಿಗೆ ಒರೆಸಿ ಮತ್ತೆ ನೋಡಿದ.

‘ಇನ್ನೊಂದ್ಸಲ ಓಡಿಸ್ತೀ ಏನು?’ ಎಂದ.

‘ಓಡಿಸ್ಬೋದು. ಪೆಟ್ರೋಲ್ ಎಲ್ಲೈತಿ?’ ಎಂದೆ. ನಾವು ಒಂದು ಓಟಕ್ಕೆ ಸಾಕಾಗುವ ಒಂದೇ ಚಿಕ್ಕ ಕ್ಯಾನ್ ಎಂದು ಮಾತಾಡಿಕೊಂಡು ಹೊರಟಿದ್ದೆವು.

ಅಣ್ಣ ಟೆಂಪೋದ ಹತ್ತಿರ ಹೋದ. ಸೀಟಿನ ಹಿಂದೆ, ಹಳೆಯ ಜಮಖಾನೆಯ ಅಡಿಯಲ್ಲಿ ಅವನು ಮುಚ್ಚಿಟ್ಟು ತಂದಿದ್ದ ಇನ್ನೊಂದು ಕ್ಯಾನ್ ಇತ್ತು. ಅದನ್ನು ಎತ್ತಿ ತಂದು, ಆಲಿಕೆ ಇಟ್ಟು, ತಾನೇ ಸುರಿಯತೊಡಗಿದ.

‘ಕುಡೀಲಿ ಬಿಡು’ ಎಂದ.