ಹೆಂಡತಿಯ ದನಿಯನ್ನು ಯಾರ ಮನೆಯಲ್ಲಿಡುವುದು?

ದುರ್ಗದಬೈಲಿನ ಸಂತೆಯಲ್ಲಿ ಬೆಂಡಿಕಾಯಿಯ ತುದಿ ಮುರಿದು ನೋಡದೆ ಕೊಳ್ಳುವವರನ್ನು ಕಂಡರೆ ನನಗೆ ಮರುಕವೂ ಆಗುತ್ತದೆ, ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತದೆ. ಟಕ್ಕೆಂದು ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಮಾರುವವರ ಆಣೆ ಪ್ರಮಾಣಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನನ್ನು ದೂರದಿಂದ ಕಂಡೊಡನೆಯೇ ಒಬ್ಬಾಕೆ ಬುಟ್ಟಿಯ ಮೇಲೆ ಸೆರಗು ಹರವಿ, "ಬಂದ್ರಪಾ, ಮುರಿಯೋ ಸಾಹೇಬ್ರು" ಎಂದು ಪಕ್ಕದವಳಿಗೆ ಹೇಳುತ್ತಾಳೆ. ಹೇಳಲಿ ಬಿಡಿ. ಮೋಸ ಹೋಗುವುದಕ್ಕಿಂತ ನಗೆಪಾಟಲಾಗುವುದು ಅಗ್ಗ.

ಈ ಸ್ವಭಾವದವನಾದ್ದರಿಂದಲೇ ನನ್ನ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ. ಒಳಗೆ ಏನು ಹಾಕಿ ಕಟ್ಟಿದ್ದಾರೆಂಬುದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ವ್ಯವಸ್ಥೆ ಅದು, ಅಂದರೆ ತುದಿ ಮುರಿಯಲು ಬಿಡುವ ಬುಟ್ಟಿ. ನಾನೇನೂ ಬಿಚ್ಚಿ ನೋಡಿದವನಲ್ಲ, ನೋಡಿದರೂ ತಿಳಿಯುವುದಿಲ್ಲ; ಆದರೆ ನೋಡಬಹುದು ಎಂಬ ಸಮಾಧಾನದಲ್ಲಿ ನಿದ್ದೆ ಚೆನ್ನಾಗಿ ಬರುತ್ತಿತ್ತು. ಆ ನಿದ್ದೆ ಕೆಟ್ಟದ್ದು, ಹಾರ್ಡ್ ಡಿಸ್ಕು ಕಟಕಟ ಎನ್ನತೊಡಗಿದಾಗ.

ಅದರೊಳಗೆ ನನ್ನ ಹೆಂಡತಿಯ ದನಿಯಿತ್ತು. ಶಕುಂತಲಾ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದವಳು. ಸಂಜೆ ಹೊತ್ತು ನಮ್ಮ ಕೇಶ್ವಾಪುರದ ಮನೆಯ ನಡುಮನೆಯಲ್ಲಿ ಕುಳಿತು ಅವಳು ಹಾಡಿಕೊಂಡದ್ದನ್ನೆಲ್ಲ ನಾನು ಮುದ್ರಿಸಿಟ್ಟಿದ್ದೆ. ಆಮೇಲೆ ಗಂಟಲಿನ ಗಂಟಿಗೆ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ದನಿ ಒಡೆಯಿತು. ಅಂದಿನಿಂದ ಅವಳು ಹಾಡಿಲ್ಲ. ಹಳೆಯ ಆ ಹಾಡುಗಳನ್ನು ಕೇಳಿದರೆ ಎಲ್ಲಿ ನೊಂದಾಳೋ ಎಂದು ನಾನೂ ಹಚ್ಚಲಿಲ್ಲ, ಅವಳೂ ಕೇಳಲಿಲ್ಲ. ಡಿಸ್ಕು ಸತ್ತರೆ ಆ ದನಿ ಲೋಕದಲ್ಲಿ ಇನ್ನೆಲ್ಲೂ ಇಲ್ಲ.

ಹಾಗಾಗಿ ಆಕಾಶದಲ್ಲೊಂದು ಅಟ್ಟ ಹುಡುಕಲು ಹೊರಟೆ. ಕ್ಲೌಡ್, ಅಂದರೆ ಮೋಡ ಎಂದು ಹೆಸರಿಟ್ಟುಕೊಂಡು ಪರರ ಕಡತಗಳನ್ನು ಕಾಯುವ ಕಂಪನಿಗಳು ಒಂದೇ, ಎರಡೇ! ದೊಡ್ಡವರಲ್ಲಿ ಕೆಲವರು ಲಿನಕ್ಸ್ ಎಂದೊಡನೆ ಬಡ ನೆಂಟನನ್ನು ಕಂಡಂತೆ ಮುಖ ತಿರುಗಿಸಿದರು. ಅವರಿಗೂ ನಮಗೂ ನಡುವೆ ನಿಂತು ಕೆಲಸ ಮಾಡಿಕೊಡುತ್ತೇವೆನ್ನುವ ಮಧ್ಯಸ್ಥ ತಂತ್ರಾಂಶಗಳು ಮೊದಲು ಗುಪ್ತಪದ ಕೊಡಿ ಎಂದವು. ಮುಖ ಕಾಣದವರಿಗೆ ಮನೆಯ ಕೀಲಿ ಕೊಡಲು ನನಗೇನು ಹುಚ್ಚೇ? ಒಂದು ಕಂಪನಿ ಎಲ್ಲವನ್ನೂ ಪುಕ್ಕಟೆ ಕೊಡುತ್ತೇನೆಂದಿತು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜಾತಿ ನನ್ನದಲ್ಲ. ಪುಕ್ಕಟೆ ಕೊಡುವವನ ಇನ್ನೊಂದು ಕೈ ಎಲ್ಲಿದೆ ಎಂದು ಮೊದಲು ನೋಡುತ್ತೇನೆ. ಮತ್ತೊಂದರಲ್ಲಿ, ಇಲ್ಲಿ ಅಳಿಸಿದ್ದು ಅಲ್ಲಿಯೂ ತಾನಾಗಿಯೇ ಅಳಿಯುತ್ತದೆಂದು ಓದಿ ಅದನ್ನು ಅಲ್ಲಿಗೇ ಮುಚ್ಚಿದೆ. ಕಾಯಲು ಕರೆದವನು ಇಷ್ಟೊಂದು ವಿಧೇಯನಾದರೆ ಅದೂ ಅಪಾಯವೇ ಅಲ್ಲವೇ, ನೀವೇ ಹೇಳಿ.

ಕೊನೆಗೆ ಒಂದು ಸಿಕ್ಕಿತು. ಲಿನಕ್ಸಿಗೆಂದೇ ಮಾಡಿದ್ದು, ಒಳಗುಟ್ಟೆಲ್ಲ ಬಯಲಿಗಿಟ್ಟದ್ದು, ಅಳಿಸಿದ್ದನ್ನೂ ಕೆಲಕಾಲ ಎತ್ತಿಡುವಂಥದ್ದು. ಕಡತಗಳು ಮನೆ ಬಿಡುವ ಮುಂಚೆಯೇ ಬೀಗ ಬೀಳುತ್ತದೆ, ಕಂಪನಿಯವರಿಗೂ ತೆರೆಯಲು ಬಾರದು. ಗುಪ್ತಪದ ಮರೆತರೆ ದೇವರೇ ಗತಿ. ಆದ್ದರಿಂದ ಅದನ್ನು 'ನಿಮ್ಮ ನಂಬಿಕೆಯ ಒಬ್ಬರಿಗೆ ತಿಳಿಸಿಡಿ' ಎಂದು ಪರದೆ ಕೇಳಿಕೊಂಡಿತು.

ಚಹಾ ತಂದ ಶಕುಂತಲಾ ನನ್ನ ಹೆಗಲ ಮೇಲಿಂದ ಅದನ್ನು ಓದಿದಳು. "ಮತ್ತ ಹೇಳ್ರಲಾ, ನಾ ಇಲ್ಲೇ ಅದೇನಿ."

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅವಳ ಮೇಲೂ ಸಂಶಯ ಬಂತು. ಒಡೆದ ದನಿಯ ಸಂಕಟದಲ್ಲಿ ಎಂದಾದರೊಂದು ದಿನ ಎಲ್ಲವನ್ನೂ ಅಳಿಸಿಬಿಟ್ಟರೆ? ಅವಳು ನನ್ನ ಮುಖವನ್ನು ಓದುವುದರಲ್ಲಿ ಪಳಗಿದವಳು. ಚಹಾದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

"ದನಿ ನಂದು, ಕೀಲಿ ನಿಮ್ದು. ಛಲೋ ಆತ್ ಬಿಡ್ರಿ."

ಕೋಪಕ್ಕಿಂತ ಹೆಚ್ಚಿನದೇನೋ ಆ ಒಡಕು ದನಿಯಲ್ಲಿತ್ತು. ನನಗೆ ಬಲು ನಾಚಿಕೆಯಾಯಿತು. ಊರ ಮಂದಿಯನ್ನೆಲ್ಲ ಅಳೆದು ನೋಡುವ ಕೋಲನ್ನು ಮನೆಯವಳ ಮೇಲೂ ಎತ್ತಿದೆನಲ್ಲ! ಹಿಂದೆಯೇ ಅಡುಗೆಮನೆಗೆ ಹೋಗಿ ಗುಪ್ತಪದ ಹೇಳಿದೆ, ಹಾಡುಗಳನ್ನೆಲ್ಲ ಅದಕ್ಕೇರಿಸಿ ಅವಳ ಮೊಬೈಲಿನಲ್ಲೂ ಅದೇ ತಂತ್ರಾಂಶ ಹಾಕಿಕೊಟ್ಟೆ. ಹಾಕಿಕೊಟ್ಟ ಮೇಲೂ, ಸುಳ್ಳೇಕೆ ಹೇಳಲಿ, ದಿನಕ್ಕೆರಡು ಬಾರಿ ಹಾಡುಗಳೆಲ್ಲ ಇವೆಯೋ ಇಲ್ಲವೋ ಎಂದು ಕದ್ದು ನೋಡುತ್ತಿದ್ದೆ. ಎಲ್ಲವೂ ಇದ್ದವು.

ಆ ವಾರದಲ್ಲೇ ಒಂದು ಬೆಳಿಗ್ಗೆ, ದಾಡಿ ಮಾಡಿಕೊಳ್ಳುತ್ತಿದ್ದವನು ಬೆಚ್ಚಿಬಿದ್ದೆ. ಹಳೆಯ ಶಕುಂತಲಾ ಹಾಡುತ್ತಿದ್ದಳು, ಅದೂ ಪಕ್ಕದ ಮನೆಯಿಂದ. ಅಲ್ಲಿರುವ ಜುಬೇದಾ ಮನೆಯಲ್ಲೇ ಬ್ಲೌಸು ಹೊಲಿಯುವವಳು. ಹೊಲಿಗೆ ಯಂತ್ರದ ಸದ್ದಿನ ಮೇಲೆ ಆ ದನಿ ತೇಲಿ ಬರುತ್ತಿತ್ತು. ಅರ್ಧ ಗಲ್ಲದ ನೊರೆಯಲ್ಲೇ ಅಡುಗೆಮನೆಗೆ ನುಗ್ಗಿದೆ.

"ನೀ ಕಳಿಸಿದೇನ? ಇನ್ನ ಆಕಿ ಯಾರ್ಯಾರಿಗೆ ಕಳಸ್ತಾಳೋ!"

"ಕಳಸ್ಲಿ ಅಂತನ ಕೊಟ್ಟೇನಿ," ಎಂದಳು, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ. "ಎಷ್ಟ ಸಲ ಕೇಳಿದ್ಲು ಪಾಪ. ನಿಮ್ಮನ್ನ ಕೇಳಾಕ ನನಗ ಅಂಜಿಕಿ. ನನ್ನ ಹಾಡು ಕೇಳಿದ್ರ ನಿಮಗ ಸಂಕಟ ಆಕ್ಕೇತಿ ಅಂತ ಸುಮ್ನಿದ್ದೆ."

ಅವಳು ನೊಂದಾಳೆಂದು ನಾನು, ನಾನು ನೊಂದೇನೆಂದು ಅವಳು! ಅಷ್ಟರಲ್ಲಿ ಗೋಡೆಯಾಚೆಯಿಂದ ಜುಬೇದಾ ಕೂಗಿದಳು: "ಕಾಕೂ, ಮುಂದಿನ ಸಾಲು ತಿಳಿವಲ್ದು, ನೀವ ಒಂದ್ಸಲ ಹೇಳ್ರಿ."

ಶಕುಂತಲಾ ನನ್ನತ್ತ ನೋಡಿದಳು, ಗಂಟಲು ಸರಿಮಾಡಿಕೊಂಡಳು, ಹಾಡಿದಳು. ಮೇಲಿನ ಸ್ವರ ಹತ್ತಲಿಲ್ಲ, ಅಲ್ಲಿಗೇ ಒಡೆಯಿತು. ಅವಳು ನಕ್ಕುಬಿಟ್ಟಳು. ನನಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ನಾನು ಆ ದನಿಯನ್ನು ಸತ್ತವರ ಒಡವೆಯಂತೆ ಕಾದಿದ್ದೆ, ಅದರ ಒಡತಿ ಇಲ್ಲೇ ಹಿಟ್ಟಿನ ಕೈಯಲ್ಲಿ ನಿಂತಿರುವಾಗ.

"ಇನ್ನೊಮ್ಮೆ ಹೇಳ," ಎಂದೆ.

ಅವಳು ಹಿಟ್ಟು ನಾದುವ ಕೊಣಮಿಗೆಯಲ್ಲಿ ಇನ್ನೊಂದು ಮುದ್ದೆ ಕಲಸಿಕೊಳ್ಳುತ್ತ, ಅದೇ ಸಾಲನ್ನು ಇನ್ನಷ್ಟು ಕೆಳಗಿನ ಶ್ರುತಿಯಲ್ಲಿ ಹಿಡಿದಳು.